ಗಾಡಿ ಓಡಿಸುವಾಗ ಕೈ ಜೋಮು ಹಿಡಿಯುತ್ತಾ? ನನ್ನ ಹಾಗೆ ಸುಮ್ಮನಿರಬೇಡಿ

ಹಿರಿಯೂರಿನ ಹತ್ತಿರ ಸರ್ವಿಸ್ ರಸ್ತೆಯಲ್ಲಿ ನಾನು ಬಿದ್ದ ದಿನ ಎದುರಿಗೆ ಲಾರಿ ಇರಲಿಲ್ಲ. ಗುಂಡಿ ಇರಲಿಲ್ಲ, ಮಳೆಯೂ ಇರಲಿಲ್ಲ. ಒಂದು ಕುರಿ ಮಂದೆ ರಸ್ತೆ ದಾಟುತ್ತಿತ್ತು, ಅದೂ ಸಾಕಷ್ಟು ಮುಂದೆ. ಟೀ ಕುಡಿಯೋಣ ಅಂತ ಹೈವೇ ಬಿಟ್ಟು ಇಳಿದಿದ್ದೆ. ವೇಗ 30ರ ಆಸುಪಾಸು. ಮುಂದಿನ ಬ್ರೇಕ್ ಹಿಡಿದೆ. ಎಷ್ಟು ಜೋರಾಗಿ ಹಿಡಿದೆ ಅನ್ನುವುದು ನನಗೇ ಗೊತ್ತಾಗಲಿಲ್ಲ. ಬಲಗೈಯ ತೋರುಬೆರಳು ಮತ್ತು ಮಧ್ಯದ ಬೆರಳಿಗೆ ಲಿವರ್ ತಗುಲಿದ್ದೇ ತಿಳಿಯಲಿಲ್ಲ. ನನ್ನದು ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇಲ್ಲದ ಹಳೇ ಗಾಡಿ. ಮುಂದಿನ ಚಕ್ರ ಅಲ್ಲೇ ಕಚ್ಚಿಕೊಂಡಿತು. ರಸ್ತೆ ಅಂಚಿನ ಮರಳಿನ ಮೇಲೆ ಜಾರಿ ಎಡಮಗ್ಗುಲಾಗಿ ಬಿದ್ದೆ.

ಕುರಿ ಕಾಯುತ್ತಿದ್ದವರು ಓಡಿ ಬಂದು ಗಾಡಿ ಎತ್ತಿದರು. "ಯಾಕಣ್ಣ, ಕುರಿ ಇನ್ನೂ ಅಷ್ಟು ದೂರ ಇದ್ವಲ್ಲ? ಹಂಗ್ಯಾಕೆ ಬ್ರೇಕ್ ಹಾಕ್ದೆ?" ಅಂತ ಕೇಳಿದರು. ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ. ಮೊಣಕೈಗೆ ಆರು ಹೊಲಿಗೆ ಬಿತ್ತು, ಮಂಡಿ ಊದಿಕೊಂಡಿತು. ಅದೆಲ್ಲ ಒಂದು ತಿಂಗಳಲ್ಲಿ ವಾಸಿಯಾಯಿತು. ಬೆರಳು ಮಾತ್ರ ಎಂಟು ತಿಂಗಳಾದರೂ ಪೂರ್ತಿ ಸರಿಹೋಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಪ್ಪ, ಅಮ್ಮ ದಾವಣಗೆರೆಯಲ್ಲಿದ್ದಾರೆ. ತಿಂಗಳಿಗೆ ಎರಡು ಸಲ ಬೆಂಗಳೂರಿನಿಂದ ಬೈಕಿನಲ್ಲೇ ಹೋಗುತ್ತೇನೆ. ಸುಮಾರು 260 ಕಿ.ಮೀ. ನಾಲ್ಕು ವರ್ಷ ಯಾವ ತೊಂದರೆಯೂ ಇರಲಿಲ್ಲ. ಕಳೆದ ವರ್ಷ ಗಾಡಿ ಚೆಂದ ಕಾಣಲಿ ಅಂತ ಆಕ್ಸೆಸರಿ ಅಂಗಡಿಯೊಂದಕ್ಕೆ ಹೋಗಿ ಹ್ಯಾಂಡಲ್ ಬದಲಾಯಿಸಿದೆ. ಮೊದಲಿಗಿಂತ ತಗ್ಗಾದ, ನೇರವಾದ ಹ್ಯಾಂಡಲ್. ಅದರ ಎರಡೂ ತುದಿಗೆ ದುಂಡನೆಯ ಮಿರರ್ ಹಾಕಿಸಿದೆ. ಮಿರರ್ ಕೂರಿಸಲು ತುದಿಯಲ್ಲಿದ್ದ ಕಬ್ಬಿಣದ ತುಂಡುಗಳನ್ನು ಬಿಚ್ಚಬೇಕು. ಬಿಚ್ಚಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. "ಇದು ಸುಮ್ನೆ ಶೋಗೆ ಸರ್, ಬೇಕಾದ್ರೆ ಇಟ್ಕೊಳ್ಳಿ" ಅಂದರು. ನಾನು ಮನೆಗೆ ತಂದು ಅಟ್ಟದ ಮೇಲೆ ಹಾಕಿದೆ.

ಅದು ಶೋಗೆ ಅಲ್ಲ. ಇದನ್ನು ಜೋರಾಗಿ ಹೇಳಬೇಕು ಅನ್ನಿಸುತ್ತದೆ. ಸಿಂಗಲ್ ಸಿಲಿಂಡರ್ ಗಾಡಿಯಲ್ಲಿ ಒಂದೇ ಪಿಸ್ಟನ್ ಮೇಲೆ ಕೆಳಗೆ ಬಡಿಯುತ್ತಿರುತ್ತದೆ. ಎಂಜಿನ್ ನಿಮಿಷಕ್ಕೆ 3600 ಸುತ್ತು ತಿರುಗಿದರೆ ಸೆಕೆಂಡಿಗೆ 60 ಸಲ ಆ ನಡುಕ ಹ್ಯಾಂಡಲ್‌ಗೆ ಬರುತ್ತದೆ. ಹ್ಯಾಂಡಲ್ ಒಂದು ಟೊಳ್ಳು ಕೊಳವೆ, ಅದು ನಡುಕವನ್ನು ಇನ್ನೂ ಹೆಚ್ಚಿಸಬಹುದು. ತುದಿಯಲ್ಲಿ ಭಾರ ಇದ್ದರೆ ಆ ನಡುಕ ಬಹಳಷ್ಟು ತಗ್ಗುತ್ತದೆ. ಊಟದ ಸ್ಟೀಲ್ ತಟ್ಟೆ ಕೈಜಾರಿ ಬಿದ್ದಾಗ ಝಣಝಣ ಅನ್ನುತ್ತದಲ್ಲ, ಅಂಚಿನ ಮೇಲೆ ಕೈಯಿಟ್ಟರೆ ನಿಲ್ಲುತ್ತದೆ. ಸುಮಾರಾಗಿ ಅದೇ ಕೆಲಸ ಆ ತುಂಡುಗಳದ್ದು. ನಾನು ಹಾಕಿಸಿದ ಮಿರರ್‌ಗೆ ಅದರ ಕಾಲುಭಾಗ ತೂಕವೂ ಇರಲಿಲ್ಲ.

ಮೊದಲ ಸಲ ಜೋಮು ಹಿಡಿದದ್ದು ಶಿರಾ ಹತ್ತಿರ. ಗಾಡಿ ನಿಲ್ಲಿಸಿ, ಕೈ ಕೊಡವಿದೆ. ಐದು ನಿಮಿಷದಲ್ಲಿ ಸರಿಹೋಯಿತು. ಮುಂದಿನ ಸಲ ತುಮಕೂರಿಗೇ ಶುರುವಾಯಿತು. ಗೆಳೆಯರಿಗೆ ಹೇಳಿದರೆ "ದೊಡ್ಡ ಗಾಡಿ ಅಂದ್ರೆ ಹಾಗೇ, ಅಭ್ಯಾಸ ಆಗುತ್ತೆ ಬಿಡು" ಅಂದರು. ಅವರು ಪ್ರೀತಿಯಿಂದಲೇ ಹೇಳಿದ್ದು. ಆದರೆ ಜೋಮು ಅಭ್ಯಾಸ ಆಗುವ ವಿಷಯವೇ ಅಲ್ಲ. ನರ ಒತ್ತಿಕೊಂಡಿದೆ ಅಂತ ಕೈ ಹೇಳುವ ಮಾತು ಅದು.

ಅದೇ ಅಂಗಡಿಗೆ ಮತ್ತೆ ಹೋದೆ. ಫೋಮ್ ಗ್ರಿಪ್ ಕವರ್ ಹಾಕಿಕೊಟ್ಟರು. ಮೆತ್ತಗಿತ್ತು, ಹಿಡಿದ ಕೂಡಲೇ ಹಿತ ಅನ್ನಿಸಿತು. ಆದರೆ ಗ್ರಿಪ್ ದಪ್ಪ ಆದರೆ ಬೆರಳು ಸುತ್ತ ಸರಿಯಾಗಿ ಕೂರುವುದಿಲ್ಲ. ಗೊತ್ತಿಲ್ಲದೆಯೇ ಇನ್ನೂ ಬಿಗಿಯಾಗಿ ಹಿಡಿಯುತ್ತೇವೆ. ಮೊದಲು ಒಂದು ಗಂಟೆಗೆ ಬರುತ್ತಿದ್ದ ಜೋಮು ಅರ್ಧ ಗಂಟೆಗೇ ಬರತೊಡಗಿತು. ಅದರ ಮೇಲೆ ದಪ್ಪನೆಯ ಗ್ಲೌಸ್ ತೆಗೆದುಕೊಂಡೆ. ಅಂಗೈ ಮಧ್ಯೆ ಹೊಲಿಗೆ ಇದ್ದ, ಒಂದು ಸೈಜು ಚಿಕ್ಕದಾದ ಗ್ಲೌಸ್. ಗಾಳಿ ನುಗ್ಗದಿರಲಿ ಅಂತ ಮಣಿಕಟ್ಟಿನ ಪಟ್ಟಿಯನ್ನೂ ಎಳೆದು ಬಿಗಿಯುತ್ತಿದ್ದೆ. ಒಂದೊಂದೂ ನರವನ್ನು ಇನ್ನಷ್ಟು ಒತ್ತುವ ಕೆಲಸವೇ.

ಹೈವೇಯಲ್ಲಿ ಬೈಕಿಗೆ ಟೋಲ್ ಇಲ್ಲ. ಪಕ್ಕದ ದಾರಿಯಲ್ಲಿ ಸುಮ್ನೆ ನುಸುಳಿ ಹೋಗುತ್ತೇವೆ. ಒಳ್ಳೆಯದೇ, ಆದರೆ ಹ್ಯಾಂಡಲ್ ಬಿಟ್ಟು ಕೈಗೆ ಒಂದು ನಿಮಿಷ ಬಿಡುವು ಕೊಡುವ ನೆಪವೂ ಸಿಗುವುದಿಲ್ಲ. ಚಿತ್ರದುರ್ಗದ ಗಾಳಿಯಂತ್ರಗಳ ಹತ್ತಿರ ಅಡ್ಡಗಾಳಿ ಬಂದಾಗ ಎಲ್ಲರೂ ಹ್ಯಾಂಡಲ್ ಗಟ್ಟಿಯಾಗಿ ಹಿಡಿಯುತ್ತೇವೆ, ಅಲ್ವಾ? ಗಾಳಿ ನಿಂತ ಮೇಲೂ ಆ ಹಿಡಿತ ಸಡಿಲವಾಗುವುದಿಲ್ಲ. ಅದನ್ನು ನಾನು ಬಿದ್ದ ಮೇಲೆಯೇ ಗಮನಿಸಿದ್ದು.

ಬೀಳುವ ಮುಂಚಿನ ಎರಡು ತಿಂಗಳು ಕೈ ಎಷ್ಟೋ ಸಲ ಸೂಚನೆ ಕೊಟ್ಟಿತ್ತು. ಅಂಗಿ ಗುಂಡಿ ಹಾಕಲು ಜಾಸ್ತಿ ಹೊತ್ತು ಹಿಡಿಯುತ್ತಿತ್ತು. ಜೇಬಿನಲ್ಲಿ ಕೈಹಾಕಿದರೆ ಐದು ರೂಪಾಯಿ ನಾಣ್ಯ ಯಾವುದು, ಒಂದು ರೂಪಾಯಿ ಯಾವುದು ಅಂತ ಮುಟ್ಟಿ ಹೇಳಲು ಆಗುತ್ತಿರಲಿಲ್ಲ, ಹೊರಗೆ ತೆಗೆದು ನೋಡಬೇಕಿತ್ತು. ರಾತ್ರಿ ಎರಡು ಗಂಟೆಗೆ ಕೈ ಉರಿದು ಎಚ್ಚರ ಆಗುತ್ತಿತ್ತು. ಎದ್ದು ಕೂತು ಥರ್ಮಾಮೀಟರ್ ಕೊಡವುವ ಹಾಗೆ ಕೈ ಕೊಡವಿ ಮತ್ತೆ ಮಲಗುತ್ತಿದ್ದೆ. ಹೆಂಡತಿ "ರೀ, ಒಂದ್ಸಲ ತೋರ್ಸ್ಕೊಂಡ್ ಬನ್ನಿ" ಅಂತ ಹತ್ತು ಸಲ ಹೇಳಿರಬೇಕು.

ಬಿದ್ದ ಮೇಲೆ ನರದ ಡಾಕ್ಟರ್ ಹತ್ತಿರ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆಯೇ "ರಾತ್ರಿ ಎದ್ದು ಕೈ ಕೊಡವ್ತೀರಾ?" ಆಮೇಲೆ ಕಣ್ಣು ಮುಚ್ಚಲು ಹೇಳಿ ಹತ್ತಿಯ ಎಳೆಯಿಂದ ಒಂದೊಂದೇ ಬೆರಳು ಸವರಿದರು. ಕಿರುಬೆರಳಿಗೆ ಚೆನ್ನಾಗಿ ತಿಳಿಯಿತು. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಮಂಕು. ಉಂಗುರದ ಬೆರಳಿನಲ್ಲಿ ನನಗೆ ಆಶ್ಚರ್ಯ ಆಯಿತು. ಕಿರುಬೆರಳಿನ ಕಡೆಯ ಅರ್ಧಕ್ಕೆ ಹತ್ತಿ ತಗುಲಿದ್ದು ಸ್ಪಷ್ಟ, ಮಧ್ಯದ ಬೆರಳಿನ ಕಡೆಯ ಅರ್ಧಕ್ಕೆ ಏನೂ ಇಲ್ಲ. ಒಂದೇ ಬೆರಳಿನಲ್ಲಿ ನಡುವೆ ಗೆರೆ ಎಳೆದ ಹಾಗೆ. ಆ ಬೆರಳಿಗೆ ಎರಡು ಬೇರೆ ಬೇರೆ ನರಗಳು ಬರುತ್ತವಂತೆ. ನನ್ನಲ್ಲಿ ಒತ್ತಿಕೊಂಡಿದ್ದು ಮೀಡಿಯನ್ ನರ. ಕಾಯಿಲೆ ಹೆಸರು ಕಾರ್ಪಲ್ ಟನಲ್ ಸಿಂಡ್ರೋಮ್.

ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ಸುರಂಗ ಇದೆ. ತಳದಲ್ಲಿ ಮೂಳೆ, ಮೇಲೆ ಹಿಗ್ಗದ ಗಟ್ಟಿ ಪಟ್ಟಿ. ಬೆರಳು ಮಡಚುವ ಒಂಬತ್ತು ಹುರಿಗಳೂ ಈ ನರವೂ ಅದರೊಳಗೇ ಹಾದುಹೋಗಬೇಕು. ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿದರೆ ಒಳಗಿನ ಒತ್ತಡ ಏರುತ್ತದೆ. ಎಕ್ಸಲೇಟರ್ ತಿರುಗಿಸಿ ಹಿಡಿದ ಬಲಗೈ ಗಂಟೆಗಟ್ಟಲೆ ಇರುವುದೇ ಆ ಭಂಗಿಯಲ್ಲಿ. ಅದಕ್ಕೆ ತಗ್ಗು ಹ್ಯಾಂಡಲ್ ಸೇರಿದರೆ ಎದೆಯ ಭಾರವೂ ಅಂಗೈ ಮೇಲೆ ಬೀಳುತ್ತದೆ.

ಡಾಕ್ಟರ್ ನರದ ಟೆಸ್ಟ್ ಮಾಡಿಸಿದರು. ಸಣ್ಣ ಸಣ್ಣ ಕರೆಂಟ್ ಕೊಟ್ಟು ನರದಲ್ಲಿ ಅದು ಎಷ್ಟು ಬೇಗ ಹೋಗುತ್ತದೆ ಅಂತ ಅಳೆಯುತ್ತಾರೆ. ಶುಗರ್, ಥೈರಾಯ್ಡ್ ಕೂಡ ನೋಡಿದರು. ಅವು ಹೆಚ್ಚುಕಮ್ಮಿ ಇದ್ದರೂ ಇದೇ ತೊಂದರೆ ಬರಬಹುದಂತೆ, ಹಾಗಾಗಿ ಎಲ್ಲ ತಪ್ಪನ್ನೂ ಗಾಡಿಯ ಮೇಲೆ ಹಾಕಬೇಡಿ. ನನ್ನದು ಎರಡೂ ಸರಿಯಿತ್ತು. ರಾತ್ರಿ ಮಣಿಕಟ್ಟು ನೇರ ಇರುವಂತೆ ಪಟ್ಟಿ ಕಟ್ಟಿ ಮಲಗುವುದು, ಆರು ವಾರ ಗಾಡಿ ಮುಟ್ಟದಿರುವುದು. ನಿಧಾನವಾಗಿ ರಾತ್ರಿಯ ಉರಿ ಹೋಯಿತು. ಇನ್ನಷ್ಟು ತಡ ಮಾಡಿದ್ದರೆ ಹೆಬ್ಬೆರಳ ಬುಡದ ದಪ್ಪ ಮಾಂಸ ಸೊರಗುತ್ತಿತ್ತು, ಆಮೇಲೆ ಆಪರೇಷನ್ ಮಾಡಿದರೂ ಪೂರ್ತಿ ಬಲ ಬರುತ್ತದೆ ಅನ್ನುವ ಖಾತ್ರಿ ಇಲ್ಲ ಅಂದರು. ಈಗಲೇ ನಿಮ್ಮ ಎರಡೂ ಅಂಗೈ ಪಕ್ಕಪಕ್ಕ ಇಟ್ಟು ನೋಡಿಕೊಳ್ಳಿ. ಆ ಉಬ್ಬು ಒಂದು ಕೈಯಲ್ಲಿ ಚಪ್ಪಟೆ ಅನ್ನಿಸಿದರೆ ನಾಳೆಗೇ ಡಾಕ್ಟರ್ ಹತ್ತಿರ ಹೋಗಿ.

ಜೋಮು ಕಿರುಬೆರಳಿನ ಕಡೆ ಬಂದರೆ ಅದು ಬೇರೆ ನರ. ಅಂಗೈಯ ಬುಡದ ಮೇಲೆ ಭಾರ ಹಾಕಿದರೆ ಅಥವಾ ಮೊಣಕೈ ತುಂಬಾ ಮಡಚಿದರೆ ಅದು ಒತ್ತುತ್ತದೆ. ಕುತ್ತಿಗೆಯಿಂದ ತೋಳಿನುದ್ದಕ್ಕೂ ನೋವು ಇಳಿದರೆ ಕುತ್ತಿಗೆಯನ್ನೇ ತೋರಿಸಬೇಕು. ಚಳಿಯಲ್ಲಿ ಬೆರಳು ಬಿಳಿಚಿಕೊಳ್ಳುವುದು ಇನ್ನೊಂದು ಥರ. ಅದು ನಡುಕದಿಂದ ರಕ್ತನಾಳಗಳಿಗೇ ಆದ ಪೆಟ್ಟಾಗಿರಬಹುದು. 1918ರಲ್ಲೇ ಅಮೆರಿಕದ ಇಂಡಿಯಾನಾದಲ್ಲಿ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ಗಾಳಿಯ ಸುತ್ತಿಗೆ ಹಿಡಿದು ಕಲ್ಲು ಕೆತ್ತುವವರ ಕೈಗಳಲ್ಲಿ ಇದನ್ನು ಗುರುತಿಸಿದ್ದರು. ನೂರು ವರ್ಷದಿಂದ ಗೊತ್ತಿರುವ ವಿಷಯ, ನಾವು ಮಾತ್ರ ಇನ್ನೂ "ಅಭ್ಯಾಸ ಆಗುತ್ತೆ" ಅನ್ನುತ್ತಿದ್ದೇವೆ.

ಮತ್ತೆ ಗಾಡಿ ಹತ್ತುವ ಮುಂಚೆ ನಮ್ಮ ಏರಿಯಾದ ಹಳೇ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆ. ಅವರು ಎಂಜಿನ್ ಫ್ರೇಮಿಗೆ ಕೂರುವ ಬೋಲ್ಟ್‌ಗಳನ್ನು ಮೊದಲು ನೋಡಿದರು. ಒಂದು ಸಡಿಲ ಇತ್ತು. ಚೈನ್ ತೀರಾ ಬಿಗಿ ಇತ್ತು. ಹಳೇ ಹ್ಯಾಂಡಲ್ ವಾಪಸ್ ಹಾಕಿ, ನಾನು ಅಟ್ಟದಿಂದ ಇಳಿಸಿ ತಂದಿದ್ದ ಕಬ್ಬಿಣದ ತುಂಡುಗಳನ್ನು ತುದಿಗೆ ಕೂರಿಸಿದರು. ಫೋಮ್ ಕಿತ್ತೆಸೆದರು.

ಆಮೇಲೆ ನನ್ನನ್ನು ಸೀಟಿನ ಮೇಲೆ ಕೂರಿಸಿದರು. "ಕಣ್ಮುಚ್ಚಿ ಕೈ ಚಾಚಿ, ಬೆರಳು ನೇರ ಬಿಡಿ" ಅಂದರು. ನನ್ನ ಬೆರಳು ಲಿವರ್‌ಗಿಂತ ಒಂದು ಇಂಚು ಕೆಳಗೆ ಬಂತು. ಅಂದರೆ ಬ್ರೇಕ್ ಹಿಡಿಯಲು ಪ್ರತಿ ಸಲ ಮಣಿಕಟ್ಟು ಹಿಂದಕ್ಕೆ ಬಾಗಿಸಬೇಕಿತ್ತು. ಬ್ರೇಕ್ ಲಿವರಿನ ಕ್ಲ್ಯಾಂಪ್ ಬೋಲ್ಟ್ ಸಡಿಲಿಸಿ ಸ್ವಲ್ಪ ಕೆಳಕ್ಕೆ ತಿರುಗಿಸಿದರು. ಮೊಣಕೈಯಿಂದ ಬೆರಳ ತುದಿವರೆಗೆ ಒಂದೇ ಗೆರೆ ಬಂತು. ಕ್ಲಚ್ ಲಿವರನ್ನೂ ಹಾಗೇ ಮಾಡಿ, ಒಣಗಿದ್ದ ಕೇಬಲ್‌ಗೆ ಎಣ್ಣೆ ಬಿಟ್ಟರು. ಹತ್ತು ನಿಮಿಷದ ಕೆಲಸ. ನೀವೂ ಮಾಡಿಸಿ. ತಿರುಗಿಸಿದ ಮೇಲೆ ಬ್ರೇಕ್ ಆಯಿಲ್ ಡಬ್ಬಿ ತುಂಬಾ ವಾಲಿಲ್ಲ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿದರೂ ಕೇಬಲ್ ಎಳೆಯುತ್ತಿಲ್ಲ ಅನ್ನುವುದನ್ನು ಮರೆಯದೆ ನೋಡಿ.

ಕೂರುವ ರೀತಿಯನ್ನೂ ಬದಲಿಸಿಕೊಂಡೆ. ಮಂಡಿಯಿಂದ ಟ್ಯಾಂಕ್ ಒತ್ತಿ ಹಿಡಿದರೆ ಭಾರ ಕೈಗೆ ಬರುವುದಿಲ್ಲ. ಮೊಣಕೈ ಸ್ವಲ್ಪ ಸಡಿಲ. ನಡುನಡುವೆ ಹಿಡಿತ ನೋಡಿಕೊಳ್ಳುತ್ತೇನೆ. ಬಟ್ಟೆ ಹಿಂಡುವ ಹಾಗೆ ಹಿಡಿದಿದ್ದರೆ ಬಿಡುತ್ತೇನೆ. ಗ್ಲೌಸ್ ಈಗ ಅಂಗೈ ಮಧ್ಯೆ ಹೊಲಿಗೆ ಇಲ್ಲದ್ದು, ಮುಷ್ಟಿ ಕಟ್ಟಿದರೆ ಎಲ್ಲೂ ಎಳೆಯದ್ದು. ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ನಾಲ್ಕು ಕಡೆಯೂ ಇಳಿಯುತ್ತೇನೆ. ಜೋಮು ಬರಲಿ ಅಂತ ಕಾಯುವುದಿಲ್ಲ, ಗಂಟೆ ಆಯಿತಾ, ನಿಲ್ಲಿಸಿದೆ. ದಾವಣಗೆರೆ ಮುಟ್ಟಲು ಮೊದಲಿಗಿಂತ ಮುಕ್ಕಾಲು ಗಂಟೆ ಜಾಸ್ತಿ ಆಗುತ್ತದೆ. ಅಮ್ಮ ಊಟಕ್ಕೆ ಕಾಯುತ್ತಾಳೆ, ಪರವಾಗಿಲ್ಲ.

ನಿಮಗೂ ಯಾರಾದರೂ ಹ್ಯಾಂಡಲ್ ತುದಿಗೆ ಮಿರರ್ ಹಾಕಿ, ಎರಡು ಕಬ್ಬಿಣದ ತುಂಡನ್ನು ಕವರಿನಲ್ಲಿ ಕೈಗೆ ಕೊಟ್ಟಿದ್ದರೆ, ಇವತ್ತೇ ಅದನ್ನು ಹುಡುಕಿ. ಮಿರರ್ ಹ್ಯಾಂಡಲ್ ಮೇಲೆ ಹಾಕಿಸಿಕೊಳ್ಳಿ, ಆ ತುಂಡು ಅದರ ಜಾಗಕ್ಕೆ ಹೋಗಲಿ.