ಬಾಲ ಕಟ್ಟಿಕೊಂಡ ಟ್ರಕ್ಕಿಗೆ ದಾರಿ ಹೇಳೋರು ಯಾರು?

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಲೇಕ್ ಟಾಹೋ ಪಕ್ಕದ ಟ್ರಕೀಗೆ ಸುಮಾರು 200 ಮೈಲಿ. (ಊರಿನ ಹೆಸರೇ ಟ್ರಕೀ, ತಮಾಷೆ ಮಾಡ್ತಿಲ್ಲ.) ಒಂದೇ ಬೇಸಿಗೆಯಲ್ಲಿ ಈ ದಾರಿಯಲ್ಲಿ ಮೂರು ಸಲ ಹೋದೆವು. ಎಲೆಕ್ಟ್ರಿಕ್ ಟ್ರಕ್, ಹಿಂದೆ ಎರಡು ಟನ್ನಿನ ಕ್ಯಾಂಪರ್ ಟ್ರೇಲರ್. ಚಾರ್ಜಿಂಗ್‌ಗೆ ಎಲ್ಲಿ ನಿಲ್ಲಬೇಕು ಅನ್ನೋದನ್ನು ಮೊದಲ ಸಲ ಟ್ರಕ್ಕಿನ ಮ್ಯಾಪ್‌ಗೆ ಬಿಟ್ಟೆ. ಎರಡನೇ ಸಲ 'ಎ ಬೆಟರ್ ರೂಟ್‌ಪ್ಲಾನರ್' ಆಪ್‌ಗೆ. ಮೂರನೇ ಸಲ, ಚಾರ್ಜರ್‌ಗಳು ಎಲ್ಲೆಲ್ಲಿವೆ ಅಂತ ತೋರಿಸುವ ಪ್ಲಗ್‌ಶೇರ್ ಆಪ್ ಜೊತೆ ಪೆನ್ನು, ಹಾಳೆ ಹಿಡಿದು ಕೂತೆ.

ಮೊದಲು ಲೆಕ್ಕ. ಬ್ಯಾಟರಿ ಸುಮಾರು 130 ಯೂನಿಟ್. ಊರಲ್ಲಿ ಕರೆಂಟ್ ಬಿಲ್ಲಿನಲ್ಲಿ ಬರುತ್ತಲ್ಲ, ಅದೇ ಯೂನಿಟ್. ಟ್ರೇಲರ್ ಇಲ್ಲದಿದ್ದರೆ ಒಂದು ಯೂನಿಟ್‌ಗೆ ಎರಡು ಮೈಲಿಗಿಂತ ಜಾಸ್ತಿ ಓಡುತ್ತದೆ. ಟ್ರೇಲರ್ ಕಟ್ಟಿದರೆ ಒಂದೇ ಮೈಲಿ. ಸಮತಟ್ಟು ರಸ್ತೆಯಲ್ಲಿ ಇದಕ್ಕೆ ತೂಕಕ್ಕಿಂತ ಗಾಳಿಯೇ ಕಾರಣ. ಬೀರು ನಿಲ್ಲಿಸಿದ ಹಾಗಿರುವ ಟ್ರೇಲರ್ ಗಾಳಿಗೆ ಎದೆ ಕೊಟ್ಟು ಹೋಗುತ್ತದೆ. ವೇಗ ಏರಿದಷ್ಟೂ ಖರ್ಚು ಏರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಗಂಟೆಗೆ 55 ಮೈಲಿಯೇ ಮಿತಿ. ಪಕ್ಕದ ಲೇನ್‌ನವರು ಗುರಾಯಿಸಿದರೂ ನಮಗೆ ಅದು ಲಾಭವೇ.

ಟ್ರಕ್ಕಿನ ಮ್ಯಾಪ್ ಬಳಸೋದು ಬಹಳ ಸುಲಭ. ಊರಿನ ಹೆಸರು ಹೇಳಿದರೆ ಮುಗಿಯಿತು. ರೋಸ್‌ವಿಲ್ ತನಕ ಅದರ ಲೆಕ್ಕ ಅಚ್ಚುಕಟ್ಟಾಗಿ ಬಂತು. ಅಲ್ಲಿ ಚಾರ್ಜ್ 80 ಪರ್ಸೆಂಟ್ ಆದ ಕೂಡಲೇ ಹೊರಡಿ ಎಂದಿತು. ಕೈಯಲ್ಲಿ 104 ಯೂನಿಟ್, ದಾರಿ ಸುಮಾರು 80 ಮೈಲಿ. ಬೇಕಾದಷ್ಟಾಯ್ತು ಅಂದುಕೊಂಡೆ. ಆದರೆ ಮುಂದಿರೋದು ಡಾನರ್ ಸಮ್ಮಿಟ್ ಅನ್ನೋ ಘಟ್ಟದ ನೆತ್ತಿ, 7,239 ಅಡಿ, ಅಂದರೆ ಸುಮಾರು 2,200 ಮೀಟರ್! ಟ್ರಕ್, ಟ್ರೇಲರ್, ಸಾಮಾನು, ನಾವು ಎಲ್ಲ ಸೇರಿ ಐದು ಟನ್. ಅಷ್ಟನ್ನು ಆ ಎತ್ತರಕ್ಕೆ ಎತ್ತೋಕೇ ಸುಮಾರು 30 ಯೂನಿಟ್ ಬೇಕು. ಓಡುವ ಖರ್ಚು ಬೇರೆ. ಕೋಲ್‌ಫ್ಯಾಕ್ಸ್ ದಾಟುವ ಹೊತ್ತಿಗೆ ಪರದೆಯ ಮೇಲಿನ ಮೈಲಿಗಳು ಕರಗತೊಡಗಿದವು. ಗಾಡಿ ತಿರುಗಿಸಿ, ಕೆಳಗಿಳಿದು ಚಾರ್ಜ್ ಮಾಡಿಕೊಂಡೆವು. ಎರಡು ಗಂಟೆ ಹಾಳು.

ಎರಡನೇ ಸಲ ಆ ಪಾಠ ನೆನಪಿತ್ತು. ರೂಟ್‌ಪ್ಲಾನರ್‌ನಲ್ಲಿ ನಮ್ಮ ಗಾಡಿಯ ಖರ್ಚಿನ ಅಂಕಿಯನ್ನು, ಹೆಚ್ಚುವರಿ ತೂಕವನ್ನು ನಾವೇ ತುಂಬಬಹುದು. ದಾರಿಯ ಏರಿಳಿತವನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಘಟ್ಟಕ್ಕೆ ಮುಂಚೆ ಆಬರ್ನ್‌ನಲ್ಲಿ ನಿಂತು 90 ಪರ್ಸೆಂಟ್ ಮಾಡಿಕೊಳ್ಳಿ ಎಂದಿತು. 80 ಆದಮೇಲೆ ಚಾರ್ಜಿಂಗ್ ಆಮೆ ನಡಿಗೆ, ನಿಜ. ಆದರೂ ಟ್ರಕೀ ಮುಟ್ಟಿದಾಗ ಆಪ್ ಹೇಳಿದ್ದಕ್ಕೂ ನಿಜಕ್ಕೂ ಎರಡೇ ಪರ್ಸೆಂಟ್ ವ್ಯತ್ಯಾಸ. ಲೆಕ್ಕದಲ್ಲಿ ಇದನ್ನು ಮೀರಿಸಿದ್ದು ನಾನು ನೋಡಿಲ್ಲ.

ಆದರೆ ಅವತ್ತು ತಾಪತ್ರಯ ಬೇರೆ ಕಡೆಯಿಂದ ಬಂತು. ಚಾರ್ಜರ್ ಇದ್ದದ್ದು ಒಂದು ಸೂಪರ್ ಮಾರ್ಕೆಟ್ ಪಾರ್ಕಿಂಗಿನಲ್ಲಿ. ಮೂತಿ ಮುಂದೆ ಮಾಡಿ ನುಗ್ಗಿಸುವಂಥ ಜಾಗ, ಕೇಬಲ್ ಗಿಡ್ಡ. ಟ್ರಕ್ ನಿಂತರೆ ಟ್ರೇಲರ್ ಓಡಾಡೋ ದಾರಿಗೆ ಅಡ್ಡ. ಮಂಡ್ಯದ ಕಡೆ ಕಬ್ಬಿನ ಟ್ರ್ಯಾಕ್ಟರ್ ರಿವರ್ಸ್ ತೆಗೆಯೋದನ್ನು ನೋಡಿದವರಿಗೆ ಆ ಕಷ್ಟ ಗೊತ್ತು. ಟ್ರೇಲರ್ ಬಿಚ್ಚಿ ಮೂಲೆಯಲ್ಲಿ ನಿಲ್ಲಿಸಿ, ಹೆಂಡತಿಯನ್ನು ಕಾವಲಿಗೆ ಕೂರಿಸಿದೆ. "ರೀ, ಈ ಆಪ್‌ಗೆ ನಮ್ಮ ಬಾಲ ಕಾಣ್ಸಲ್ವಾ?" ಅಂದಳು. ಬಿಚ್ಚಿ ಕಟ್ಟೋಕೇ ಅರ್ಧ ಗಂಟೆ.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಪ್ಲಗ್‌ಶೇರ್‌ನಲ್ಲಿ. ಅಲ್ಲಿ ಜನ ಹಾಕಿದ ಫೋಟೋ, ಟಿಪ್ಪಣಿ ಇರುತ್ತವೆ. ಯಾವ ಸ್ಟೇಷನ್‌ನಲ್ಲಿ ಪೆಟ್ರೋಲ್ ಬಂಕ್ ಥರ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಡಬಹುದು, ಯಾವ ಚಾರ್ಜರ್ ಕೊನೆಯ ಸಾಲಿನಲ್ಲಿದೆ, ನಿನ್ನೆ ಎಷ್ಟು ಕೆಟ್ಟಿದ್ದವು, ಎಲ್ಲ ತಿಳಿಯುತ್ತದೆ. ಜೊತೆಗೆ ಸ್ಯಾಟಲೈಟ್ ಮ್ಯಾಪ್‌ನಲ್ಲಿ ತಿರುಗೋಕೆ ಜಾಗ ಇದೆಯಾ ಅಂತ ನೋಡಿದೆ. ಒಂದು ಸಂಜೆ ಪೂರ್ತಿ ಹೋಯಿತು. ಹಾಳೆಯ ಮೇಲಿನ ನನ್ನ ಘಟ್ಟದ ಲೆಕ್ಕ ಎಂಟು ಪರ್ಸೆಂಟ್ ತಪ್ಪಿತು, ಅದಿರಲಿ. ಟ್ರೇಲರ್ ಮಾತ್ರ ಒಮ್ಮೆಯೂ ಬಿಚ್ಚಲಿಲ್ಲ.

ಹಾಗಾಗಿ ಈಗ ಜಾಗ ಆರಿಸೋದು ಪ್ಲಗ್‌ಶೇರ್ ಫೋಟೋ ನೋಡಿ. ಆಮೇಲೆ ಆ ಜಾಗಗಳನ್ನೇ ರೂಟ್‌ಪ್ಲಾನರ್‌ಗೆ ಕೊಟ್ಟು, ಪ್ರತಿ ಕಡೆ ಎಷ್ಟು ತುಂಬಿಸಬೇಕು ಅಂತ ಕೇಳುತ್ತೇನೆ. ಇದನ್ನೇ ಉಲ್ಟಾ ಮಾಡಿದರೆ ಮತ್ತೆ ಸೂಪರ್ ಮಾರ್ಕೆಟ್ ಕಥೆಯೇ. ಟ್ರಕ್ಕಿನ ಮ್ಯಾಪ್ ತಿರುವು ಹೇಳೋದಕ್ಕೆ ಸಾಕು. ರಾತ್ರಿ ಟ್ರೇಲರ್ ನಿಲ್ಲಿಸಿ ತಂಗೋ ಆರ್‌ವಿ ಪಾರ್ಕ್‌ನಲ್ಲಿ 50 ಆಂಪ್ ಪ್ಲಗ್ ಇದ್ದರೆ, ಗಾಡಿ ಚಾರ್ಜ್ ಮಾಡಬಹುದಾ ಅಂತ ಮೊದಲೇ ಕೇಳಿಕೊಳ್ಳಿ. ಬೆಳಗಾಗೋದರೊಳಗೆ 90 ಯೂನಿಟ್ ತುಂಬುತ್ತದೆ. ವಾಪಸ್ ಬರೋವಾಗ ಘಟ್ಟದ ನೆತ್ತಿ ದಾಟಿದರೆ ಬರೀ ಇಳಿಜಾರು. ಇಳಿಯುತ್ತಾ ಬ್ಯಾಟರಿಗೆ ಒಂದಿಷ್ಟು ಮರಳಿ ಬರುತ್ತದೆ, ಆಬರ್ನ್‌ನಲ್ಲಿ ನಾವು ನಿಲ್ಲೋದು ಕಾಫಿಗೆ ಮಾತ್ರ.