ಮಗಳನ್ನ ಮೂರು ವರ್ಷ ಸರ್ಕಾರಿ ಶಾಲೆಗೆ ಕಳಿಸಿದ ಮೇಲೆ ಹೇಳ್ತಿರೋದು, ಅಡ್ಮಿಷನ್ ಯೋಚನೆಲಿರೋರು ಓದಿ

ಏಪ್ರಿಲ್ ಬಂತು ಅಂದ್ರೆ ಹಾಲಿನ ಬೂತ್ ಹತ್ರ ಯಾರಾದ್ರೂ ಒಬ್ರು ಹಿಡ್ಕೋತಾರೆ, "ನಿಮ್ಮ ಮಗಳು ಗೌರ್ಮೆಂಟ್ ಸ್ಕೂಲಿಗೇ ಅಲ್ವಾ ಹೋಗೋದು, ಹೆಂಗಿದೆ, ಹಾಕ್ಬೋದಾ?" ಅಂತ. ಚೆನ್ನಾಗಿದೆ ಅಂದ್ರೂ ನಂಬಲ್ಲ, ಚೆನ್ನಾಗಿಲ್ಲ ಅಂದ್ರೆ ಮತ್ತೆ ನೀವ್ಯಾಕೆ ಹಾಕಿದ್ರಿ ಅಂತಾರೆ. ಅದಕ್ಕೆ ಒಂದ್ಸಲ ಕೂತು ಬರ್ದುಬಿಡೋಣ ಅನ್ನಿಸ್ತು. ಮೈಸೂರು ರಿಂಗ್ ರೋಡ್ ಆಚೆ, ಮೊದ್ಲು ಹಳ್ಳಿಯಾಗಿದ್ದು ಈಗ ಬಡಾವಣೆ ಆಗಿರೋ ಜಾಗ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಏಳನೇ ಕ್ಲಾಸು. ಹೆಸರು ಹಾಕಲ್ಲ, ಬೈಯೋದೂ ಇದೆ, ಸುಮ್ನೆ ಮೇಷ್ಟ್ರುಗಳಿಗೆ ಯಾಕೆ ತೊಂದ್ರೆ.

ನಾವೇನು ಆದರ್ಶಗೀದರ್ಶ ಅಂತ ಹಾಕಿದ್ದಲ್ಲ. ಯುಕೆಜಿ ಪ್ರೈವೇಟಲ್ಲಿ ಓದ್ಸಿದ್ವಿ, ಫೀಸು ವ್ಯಾನು ಬುಕ್ಸು ಎಲ್ಲ ಸೇರಿ ಕೈ ಸುಟ್ಕೊಂಡ್ವಿ. ಆರ್‌ಟಿಇ ಸೀಟಿಗೆ (ಶಿಕ್ಷಣ ಹಕ್ಕು ಕಾಯ್ದೇಲಿ ಪ್ರೈವೇಟಲ್ಲಿ ಸಿಗೋ ಫ್ರೀ ಸೀಟು) ಹಾಕೋಣ ಅಂದ್ರೆ 2019ರಿಂದ ಮನೆ ಹತ್ರ ಸರ್ಕಾರಿ ಅಥ್ವಾ ಅನುದಾನಿತ ಶಾಲೆ ಇದ್ರೆ ಪ್ರೈವೇಟಲ್ಲಿ ಆ ಸೀಟು ಇಲ್ವೇ ಇಲ್ಲ. ನಮ್ಮನೆಯಿಂದ ಶಾಲೆಗೆ ನಾಲ್ಕು ನಿಮಿಷ ನಡಿಗೆ. ನೋಡೋಣ ಒಂದು ವರ್ಷ ಅಂತ ಹಾಕಿದ್ದು, ಮೂರು ವರ್ಷ ಆಯ್ತು.

ಒಂದರಿಂದ ಮೂರನೇ ಕ್ಲಾಸು ನಲಿ ಕಲಿ, ಅಂದ್ರೆ ಕಾರ್ಡು, ಚಟುವಟಿಕೆ ಇಟ್ಕೊಂಡು ಮಗು ತನ್ನ ವೇಗಕ್ಕೆ ಕಲಿಯೋ ಪದ್ಧತಿ. ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ, ಯಾಕಂದ್ರೆ ಮೊದಲ ದಿನ ನೋಡಿದಾಗ ನಂಗೂ ಗಾಬರಿ ಆಗಿತ್ತು. ಒಂದು ಎರಡು ಮೂರು ಮೂರೂ ಕ್ಲಾಸಿನ ಮಕ್ಕಳು ಒಂದೇ ರೂಮು, ಬೆಂಚಿಲ್ಲ, ನೆಲದ ಮೇಲೆ ಗುಂಪು ಗುಂಪು, ತಲೆ ಮೇಲೆ ದಾರ ಕಟ್ಟಿ ಮಕ್ಕಳು ಮಾಡಿರೋ ಚಿತ್ರ ನೇತಾಕಿರೋ ಚಪ್ಪರ, ಗೋಡೆ ಕೆಳಗಡೆ ಸುತ್ತಲೂ ಕಪ್ಪು ಹಲಗೆ. ಗದ್ದಲ ಅಂದ್ರೆ ಸಂತೆ. ಆಮೇಲೆ ನಿಂತು ನೋಡಿದ್ರೆ ಗೊತ್ತಾಗುತ್ತೆ, ಪ್ರತಿ ಮಗುನೂ ಕಲಿಕಾ ಏಣಿ ಚಾರ್ಟಲ್ಲಿ ತಾನು ಯಾವ ಮೆಟ್ಟಿಲಲ್ಲಿದೀನಿ ಅಂತ ನೋಡಿ ಆ ಕಾರ್ಡ್ ತಾನೇ ತಗೊಂಡು ಅದಕ್ಕೆ ಸೇರಿದ ತಟ್ಟೆಗೆ ಹೋಗಿ ಕೂರುತ್ತೆ. ತಟ್ಟೆ ಅಂದ್ರೆ ಊಟದ್ದಲ್ಲ, ಕೂರೋ ಗುಂಪು. ಒಂದು ತಟ್ಟೇಲಿ ಮಿಸ್ ಪೂರ್ತಿ ಹೇಳ್ಕೊಡ್ತಾರೆ, ಇನ್ನೊಂದ್ರಲ್ಲಿ ಜೊತೆಯವರು ಹೇಳ್ಕೊಡ್ತಾರೆ, ಕೊನೇದು ಸ್ವಕಲಿಕೆ, ಅಲ್ಲಿ ಯಾರೂ ಇಲ್ಲ. ಜ್ವರ ಬಂದು ಒಂದು ವಾರ ಮನೇಲಿದ್ರೆ ಪಾಠ ತಪ್ಪೋಯ್ತು ಅನ್ನೋದೇ ಇಲ್ಲ, ಬಿಟ್ಟ ಕಾರ್ಡಿಂದನೇ ಶುರು.

ನಮ್ಮತ್ತೆಗೆ ಮಾತ್ರ ಸಮಾಧಾನ ಇರ್ಲಿಲ್ಲ. ನಲಿ ಕಲಿಲಿ ಅಕ್ಷರ ಶುರು ಆಗೋದು ಅ ಆ ಇ ಈ ಇಂದ ಅಲ್ಲ, ರ ಗ ಸ ದ ಅ ಅಂತ. ದಸರಾ ಟೈಮಲ್ಲಿ ಅತ್ತೆ ಮೊಮ್ಮಗಳನ್ನ ಕೂರಿಸ್ಕೊಂಡು "ಎಲ್ಲಿ ಅ ಆ ಇ ಈ ಹೇಳು ಪುಟ್ಟಿ" ಅಂದ್ರೆ ಇವಳು ಪಿಳಿಪಿಳಿ ನೋಡ್ತಾಳೆ. "ಅಯ್ಯೋ ಮಗು ಹಾಳಾಯ್ತು ಕಣೇ, ಮೂರು ತಿಂಗಳಾದ್ರೂ ವರ್ಣಮಾಲೆ ಬರಲ್ಲ" ಅಂತ ನನ್ನ ಮೇಲೆ ಎಗರಾಡಿದ್ರು. ಮಾರನೇ ದಿನ ಅದೇ ಪುಟ್ಟಿ ಪೇಪರ್ ಎಳ್ಕೊಂಡು "ಸರ", "ದರ" ಅಂತ ಓದ್ತಾ ಕೂತಿದೆ! ಅತ್ತೆ ಏನೂ ಮಾತಾಡ್ಲಿಲ್ಲ, ಕನ್ನಡಕ ಹಾಕ್ಕೊಂಡು ಪಕ್ಕ ಬಂದು ಕೂತ್ರು ಅಷ್ಟೇ. ಅಂದಹಾಗೆ ಈ ನಲಿ ಕಲಿ ಯಾವುದೋ ಫಾರಿನ್ನಿಂದ ಬಂದಿದ್ದಲ್ಲ, 1995ರ ಸುಮಾರಿಗೆ ನಮ್ಮ ಹೆಗ್ಗಡದೇವನಕೋಟೆ ಕಡೆ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿ ಶಾಲೆ ಪದ್ಧತಿ ನೋಡಿ ಬಂದು ಇಲ್ಲಿಗೆ ಹೊಂದಿಸಿ ಮಾಡಿದ್ದು, 2009-10ರಲ್ಲಿ ರಾಜ್ಯದ ಎಲ್ಲ ಕಡೆ ಬಂತು.

ಊಟ. ಇದ್ರಲ್ಲಿ ನಂದು ಒಂದೇ ಒಂದು ತಕರಾರೂ ಇಲ್ಲ. ಬೆಳಿಗ್ಗೆ ಹಾಲು, ವಾರದಲ್ಲಿ ಮೂರು ದಿನ ಅದಕ್ಕೆ ರಾಗಿ ಮಾಲ್ಟ್ ಹಾಕಿ ಕೊಡ್ತಾರೆ. ಮಧ್ಯಾಹ್ನ ಶಾಲೇಲೇ ಮಾಡೋ ಬಿಸಿಯೂಟ. ಮನೇಲಿ ಸಾಂಬಾರಲ್ಲಿ ತರಕಾರಿ ಆರಿಸಿ ಬದಿಗಿಡೋ ಮಗಳು ಅಲ್ಲಿ ತಟ್ಟೆ (ಇದು ಊಟದ್ದು) ಖಾಲಿ ಮಾಡ್ತಾಳಂತೆ, ಏನು ಮಾಯಾನೋ. ಮೊದ್ಲು ವಾರಕ್ಕೆ ಎರಡು ದಿನ ಇದ್ದ ಮೊಟ್ಟೆ 2024ರ ಸೆಪ್ಟೆಂಬರಿಂದ ಆರು ದಿನ ಆಗಿದೆ, ಉಳಿದ ನಾಲ್ಕು ದಿನದ ಖರ್ಚು ಅಜೀಂ ಪ್ರೇಮ್‌ಜಿ ಫೌಂಡೇಶನ್ನವ್ರದ್ದು. ಮೊಟ್ಟೆ ತಿನ್ನದೋರಿಗೆ ಬಾಳೆಹಣ್ಣು. ಒಂದು ಮೊಟ್ಟೆಗೆ ಬೇಯಿಸೋದು ಸುಲಿಯೋದು ತರೋದು ಎಲ್ಲ ಸೇರಿ 6 ರೂಪಾಯಿ ಅಂತ ಲೆಕ್ಕ ಹಾಕಿದ್ದು, ಅಂಗಡೀಲಿ ಮೊಟ್ಟೆನೇ ಏಳು ರೂಪಾಯಿ ಆದಾಗ ಹೆಡ್ ಮಿಸ್ಸು ಮುಖ ಚಿಕ್ಕದು ಮಾಡ್ಕೊಂಡು ತಾವೇ ಮೇಲಿಂದು ಹಾಕಿ ತರ್ಸಿದ್ದು ನಾನೇ ನೋಡಿದೀನಿ.

ಈಗ ಬೈಯೋ ಭಾಗ.

ಮೂರನೇ ಕ್ಲಾಸಿನವರೆಗೆ ಎಷ್ಟು ಚೆನ್ನಾಗಿದ್ಯೋ ನಾಲ್ಕನೇದು ಬರ್ತಿದ್ದಂಗೆ ಅಷ್ಟೇ ಸಡಿಲ. ಕಾರ್ಡು ಮುಗೀತು, ದಪ್ಪ ಪುಸ್ತಕ ಬಂತು, ಆದ್ರೆ ಕೂತು ಪಾಠ ಮಾಡೋ ಮೇಷ್ಟ್ರು ಎಲ್ಲಿ? ನಮ್ಮಲ್ಲಿ ಏಳು ಕ್ಲಾಸಿಗೆ ಪರ್ಮನೆಂಟ್ ಟೀಚರ್ಸು ಹೆಡ್ ಮಿಸ್ ಸೇರಿ ನಾಲ್ಕು ಜನ. ಉಳಿದಿದ್ದು ಅತಿಥಿ ಶಿಕ್ಷಕರು, ಪ್ರತಿ ವರ್ಷ ಹೊಸದಾಗಿ ತಗೋಬೇಕು, ಹೋದ ವರ್ಷ ಅವ್ರು ಬರೋಷ್ಟರಲ್ಲಿ ಆಷಾಢ. ಬಂದೋರು ಪಾಪ ಚೆನ್ನಾಗೇ ಮಾಡ್ತಾರೆ, ಸಂಬಳ ತಿಂಗಳುಗಟ್ಲೆ ನಿಂತ್ರೂ ಬರ್ತಾರೆ. ಇರೋ ನಾಲ್ಕು ಜನಾನಾದ್ರೂ ಬಿಡ್ತಾರಾ, ಇಲ್ಲ. ಎಲೆಕ್ಷನ್ ಡ್ಯೂಟಿ, ಟ್ರೈನಿಂಗು, ಮೊಟ್ಟೆ ಎಷ್ಟು ಹಾಲಿನ ಪುಡಿ ಎಷ್ಟು ಅಂತ ದಿನಾ ಮೊಬೈಲಲ್ಲಿ ಎಂಟ್ರಿ. 2025ರಲ್ಲಂತೂ ಜಾತಿ ಸಮೀಕ್ಷೆಗೆ ಅಂತ ಸೆಪ್ಟೆಂಬರ್ 22ರಿಂದ ಮನೆ ಮನೆ ಸುತ್ತಿಸಿ, ದಸರಾ ರಜೆನ ಅಕ್ಟೋಬರ್ 18ರವರೆಗೂ ಎಳೆದ್ರು. ಪ್ರೈವೇಟ್ ಮಕ್ಕಳು ಬ್ಯಾಗ್ ಹಾಕ್ಕೊಂಡು ಹೋಗ್ತಿದ್ರೆ ನಮ್ಮೋರು ಬೀದೀಲಿ ಲಗೋರಿ. ನಮ್ಮ ಬಾಗಿಲಿಗೆ ಸಮೀಕ್ಷೆಗೆ ಬಂದಿದ್ದೂ ನಮ್ಮ ಹುಡ್ಗಿ ಮಿಸ್ಸೇ, ನೆಟ್‌ವರ್ಕ್ ಸಿಗದೆ ಮುಕ್ಕಾಲು ಗಂಟೆ ಕೂತಿದ್ರು, ಕಾಫಿ ಕುಡಿದು "ಇವಳಿಗೆ ಕಳೆಯೋ ಲೆಕ್ಕ ಸ್ವಲ್ಪ ಮಾಡ್ಸಿ" ಅಂತ ಹೇಳಿ ಹೋದ್ರು.

ಟಾಯ್ಲೆಟ್ಟು. ಒಂದನೇ ಕ್ಲಾಸಲ್ಲಿ ಇವಳ ನೀರಿನ ಬಾಟಲ್ ದಿನಾ ತುಂಬಿದ್ದು ತುಂಬಿದಂಗೇ ವಾಪಸ್ ಬರ್ತಿತ್ತು. ನೀರು ಕುಡಿಯಲ್ಲ ಅಂತ ನಾನು ಇವಳಿಗೆ ಗದರಿದ್ದೇ ಗದರಿದ್ದು. ಒಂದಿನ ಮೆಲ್ಲಗೆ ಹೇಳಿದ್ಲು, "ಅಮ್ಮ, ನೀರು ಕುಡಿದ್ರೆ ಅಲ್ಲಿಗೆ ಹೋಗ್ಬೇಕಾಗುತ್ತೆ, ಬಾಗಿಲಿಗೆ ಚಿಲಕ ಇಲ್ಲ." ಹೋಗಿ ನೋಡಿದ್ರೆ ಹೆಣ್ಮಕ್ಕಳ ಕಡೆ ಚಿಲಕ ಇದ್ದ ಜಾಗದಲ್ಲಿ ಎರಡು ತೂತು, ಬಕೆಟ್ ಇದೆ ಮಗ್ಗಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗಲ್ಲಿ ಎತ್ತಿದೆ, "ಬರೆದು ಕಳಿಸಿದೀವಿ" ಅಂದ್ರು. ಭಾನುವಾರ ನಮ್ಮೆಜಮಾನ್ರು ಅಂಗಡಿಯಿಂದ ಚಿಲಕ ತಂದು ತಾವೇ ಜಡಿದು ಬಂದ್ರು. ಈಗ್ಲೂ ಮಾರ್ಚ್ ಏಪ್ರಿಲಲ್ಲಿ ನೀರಿಗೆ ತತ್ವಾರ.

ಇಂಗ್ಲಿಷ್ ಬಗ್ಗೆ ಎಲ್ರೂ ಕೇಳ್ತಾರೆ. 2019-20ರಲ್ಲಿ ಸಾವಿರ ಸರ್ಕಾರಿ ಶಾಲೇಲಿ ಇಂಗ್ಲಿಷ್ ಮೀಡಿಯಂ ಶುರು ಮಾಡಿದ್ರಲ್ಲ, ನಮ್ಮ ಶಾಲೆಗೂ ಆಮೇಲೆ ಆ ಸೆಕ್ಷನ್ ಬಂತು. ಪುಸ್ತಕದಲ್ಲಿ ಒಂದು ಪುಟ ಕನ್ನಡ, ಎದುರು ಪುಟ ಇಂಗ್ಲಿಷ್, ಅದು ನಿಜಕ್ಕೂ ಒಳ್ಳೆ ಐಡಿಯಾ. ಆದ್ರೆ ಗೇಟಿನ ಮೇಲೆ ಬೋರ್ಡ್ ಹೊಸದು, ಒಳಗಡೆ ಮಿಸ್ಸು ಹಳಬರೇ, ಸ್ವಲ್ಪ ದಿನ ಟ್ರೈನಿಂಗ್ ಕೊಟ್ಟು ಕಳಿಸಿದಾರೆ. ಆ ಬೋರ್ಡ್ ನೋಡಿ ಸೇರಿಸ್ಬೇಡಿ. ನಾವು ಕನ್ನಡ ಸೆಕ್ಷನ್ನಿಗೇ ಹಾಕಿದ್ದು, ಬೇಜಾರಿಲ್ಲ.

ಹಂಗಾದ್ರೆ ಶಾಲೆ ನೋಡೋದು ಹೆಂಗೆ? ಬಣ್ಣ, ಸ್ಮಾರ್ಟ್ ಟಿವಿ ನೋಡ್ಬೇಡಿ, ಅದು ಯಾರೋ ದಾನಿಗಳು ಕೊಟ್ಟಿರ್ತಾರೆ. ನಾನಾದ್ರೆ ಯಾವುದಾದ್ರೂ ಮಂಗಳವಾರ ಬುಧವಾರ ಹೇಳದೆ ಕೇಳದೆ ಊಟದ ಬೆಲ್ಲಿಗೆ ಅರ್ಧ ಗಂಟೆ ಮುಂಚೆ ಹೋಗ್ತೀನಿ. ಪರ್ಮನೆಂಟ್ ಎಷ್ಟು ಜನ, ಅದ್ರಲ್ಲಿ ಇವತ್ತು ಶಾಲೇಲಿ ಎಷ್ಟು ಜನ, ಇದನ್ನ ಕೇಳಿ. ಐದನೇ ಕ್ಲಾಸಿನವರೆಗೆ ಮೂವತ್ತು ಮಕ್ಕಳಿಗೆ ಒಬ್ರು ಇರ್ಬೇಕು ಅಂತ ಆರ್‌ಟಿಇ ಕಾಯ್ದೇಲೇ ಇದೆ, ಆದ್ರೆ ಮಕ್ಕಳು ಕಮ್ಮಿ ಇರೋ ಶಾಲೇಲಿ ಆ ಲೆಕ್ಕ ಸರಿ ಬಂದ್ರೂ ಕ್ಲಾಸಿಗೊಬ್ರು ಸಿಗಲ್ಲ, ಮೋಸ ಹೋಗೋದು ಅಲ್ಲೇ. ನಾಲ್ಕನೇ ಕ್ಲಾಸಿನ ಒಂದು ಮಗೂನ ಕರೆದು ಗೋಡೆ ಮೇಲಿರೋದು ಓದು ಅನ್ನಿ. ಆಮೇಲೆ ಟಾಯ್ಲೆಟ್ ಬಾಗಿಲು ಹಾಕಿ ನೋಡಿ. ಗೋಡೆ ಮೇಲೆ 29ರಿಂದ ಶುರುವಾಗೋ 11 ಅಂಕಿ ಯು-ಡೈಸ್ ಕೋಡ್ (ಸರ್ಕಾರ ಪ್ರತಿ ಶಾಲೆಗೂ ಕೊಡೋ ನಂಬರ್) ಬರೆದಿರ್ತಾರೆ, ಅದನ್ನ ಯು-ಡೈಸ್ ಸೈಟಲ್ಲಿ ಹಾಕಿದ್ರೆ ಮೇಷ್ಟ್ರು ಸಂಖ್ಯೆ, ಮಕ್ಕಳ ಸಂಖ್ಯೆ ಬರುತ್ತೆ. ಆದ್ರೆ ಅದರಲ್ಲಿ ಟಾಯ್ಲೆಟ್ "ಇದೆ" ಅಂತಿರುತ್ತೆ, ಚಿಲಕದ ಕಾಲಂ ಇಲ್ಲ.

ನಮ್ಮ ಲೆಕ್ಕ ಕೇಳಿದ್ರೆ, ಮೂರನೇವರೆಗೆ ಕಣ್ಣು ಮುಚ್ಕೊಂಡು ಹಾಕಿ. ನಾಲ್ಕರಿಂದ ಸಂಜೆ ಒಂದು ಗಂಟೆ ಮನೇಲಿ ಕೂರಿಸ್ಕೊಂಡು ಲೆಕ್ಕ ಮಾಡ್ಸೋಕೆ ಯಾರಾದ್ರೂ ಇದ್ರೆ ಮಾತ್ರ. ಇವಳನ್ನ ಈ ವರ್ಷ ನಾಲ್ಕಕ್ಕೆ ಅಲ್ಲೇ ಮುಂದುವರಿಸ್ತಿದೀವಿ, ಐದರದ್ದು ಆಮೇಲೆ.

ಅಡ್ಮಿಷನ್ನಿಗೆ ನಮ್ಮಲ್ಲಿ ಜನನ ಪ್ರಮಾಣಪತ್ರ, ಆಧಾರ್ ಕೇಳಿದ್ರು. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರ್ಬೇಕು, 2025-26ಕ್ಕೆ ಮಾತ್ರ ಅಂತ ಐದು ವರ್ಷ ಐದು ತಿಂಗಳಿಗೆ ಇಳಿಸಿದ್ರು, ನಿಮ್ಮ ಮಗು ಅಂಚಿನಲ್ಲಿದ್ರೆ ಮೊದ್ಲೇ ಹೋಗಿ ವಿಚಾರಿಸಿ. ಹೆಡ್ ಮಿಸ್ ಸಿಗೋದು ಬೆಳಿಗ್ಗೆ ಪ್ರೇಯರ್ ಮುಗಿದ ತಕ್ಷಣ. ಹನ್ನೊಂದು ದಾಟಿದ್ರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗಿರ್ತಾರೆ.