ಹತ್ತಿಗೆ ಮೆಪಿಕ್ವಾಟ್ ಸಿಂಪಡಣೆ: ಎತ್ತರ ನಿಂತಿತು, ಎಲೆಯ ಮುಪ್ಪು ನಿಲ್ಲಲಿಲ್ಲ

ಬೆಂಗಳೂರಿನಲ್ಲಿ ವಾಸವಿದ್ದು ಎಚ್.ಡಿ. ಕೋಟೆಯಲ್ಲಿ ಹತ್ತಿ ಬೆಳೆಯುವ ನಾನು, ಗಿಡ ಎತ್ತರಕ್ಕೆ ಹೋಗದಂತೆ ಕುಡಿ ಚಿವುಟಲು ಆಳು ಸಿಗದ ಕಾರಣಕ್ಕೆ, ಕೆ.ಆರ್. ಮಾರುಕಟ್ಟೆಯ ಹತ್ತಿರದ ಕೃಷಿ ಪರಿಕರಗಳ ಅಂಗಡಿಯೊಂದರಿಂದ ಗಿಡದ ಬೆಳವಣಿಗೆಯನ್ನು ಹಿಡಿದಿಡುವ ಶೇ. 5ರ ಮೆಪಿಕ್ವಾಟ್ ಕ್ಲೋರೈಡ್ ದ್ರಾವಣದ ಬಾಟಲಿಯನ್ನು ಕೊಂಡೊಯ್ದೆ. "ಇದನ್ನ ಹೊಡೆದ್ರೆ ಸಾರ್, ಕುಡಿ ಚಿವುಟೋ ಕೂಲಿ ಉಳಿಯುತ್ತೆ, ಎಲೆನೂ ಬೇಗ ಮುಪ್ಪಾಗಲ್ಲ" ಎಂದು ಅಂಗಡಿಯವರು ಭರವಸೆ ಕೊಟ್ಟಿದ್ದರು. ಬ್ಯಾಚ್ ಸಂಖ್ಯೆ ಬರೆದ ಬಿಲ್ಲನ್ನು ಕೇಳದೆಯೇ ಕೊಟ್ಟರು. ಅದಕ್ಕಾಗಿ ಅವರನ್ನು ಮೆಚ್ಚಬೇಕು.

ಅವರ ಮಾತಿನ ಮೊದಲ ಅರ್ಧ ನಿಜವಾಯಿತು. ಈ ದ್ರಾವಣವು ಗಿಡದಲ್ಲಿ ಕಾಂಡವನ್ನು ಉದ್ದವಾಗಿಸುವ ಜಿಬ್ಬರೆಲಿನ್ ಎಂಬ ಹಾರ್ಮೋನು ತಯಾರಾಗುವುದನ್ನು ತಡೆಯುವುದರಿಂದ ಗೆಣ್ಣಿನಿಂದ ಗೆಣ್ಣಿಗೆ ಇರುವ ಅಂತರ ಕುಗ್ಗುತ್ತದೆ. ಹಾಗಾಗಿ ಸಿಂಪಡಿಸಿದ ಸಾಲುಗಳು ಪಕ್ಕದ ಸಾಲುಗಳಿಗಿಂತ ಗಿಡ್ಡವಾಗಿ ನಿಂತವು, ಸಾಲಿನ ನಡುವೆ ಗಾಳಿ ಬೆಳಕು ಚೆನ್ನಾಗಿ ಆಡಿತು. ಎಲೆಗಳು ದಪ್ಪವಾಗಿ, ಕಡುಹಸಿರಾಗಿ ಕಂಡವು. ಇಲ್ಲಿಯೇ ಎಚ್ಚರ ಬೇಕು. ಎಲೆ ಹರಡುವುದು ಕಡಿಮೆಯಾದಾಗ ಇರುವ ಪತ್ರಹರಿತ್ತು ಚಿಕ್ಕ ಜಾಗದಲ್ಲಿ ದಟ್ಟವಾಗುತ್ತದೆ. ಆ ಬಣ್ಣವನ್ನು ನೋಡಿ ಎಲೆಯ ಆಯುಷ್ಯ ಹೆಚ್ಚಿತೆಂದು ತಿಳಿಯಬಾರದು. ಸೆಪ್ಟೆಂಬರ್ ಕೊನೆಗೆ ಅದೇ ಸಾಲುಗಳಲ್ಲಿ ಎಲೆಯ ಅಂಚು ಮೊದಲು ಕೆಂಪಾಗಿ, ಬಳಿಕ ನಡುನರ ಮಾತ್ರ ಹಸಿರಾಗಿ ಉಳಿದದ್ದನ್ನು ನಾನು ಕೈಯಲ್ಲಿ ಹಿಡಿದು ನೋಡಿದೆ.

ಎಲೆಯ ಮುಪ್ಪನ್ನು ನಿರ್ಧರಿಸುವ ಲೆಕ್ಕವೇ ಬೇರೆ. ಬೇರಿನಲ್ಲಿ ತಯಾರಾಗಿ ಮೇಲಕ್ಕೆ ಹರಿಯುವ ಸೈಟೊಕೈನಿನ್ ಎಂಬ ಹಾರ್ಮೋನು ಎಲೆಯನ್ನು ಹಸಿರಾಗಿ ಇಡುತ್ತದೆ. ಅಬ್ಸಿಸಿಕ್ ಆಮ್ಲ ಮತ್ತು ಎಥಿಲೀನ್ ಎಂಬ ಹಾರ್ಮೋನುಗಳು ಮುಪ್ಪನ್ನು ಬೇಗ ತರುತ್ತವೆ. ಒಂದೇ ಸಮನೆ ಹೆಚ್ಚು ಕಾಯಿ ಕಟ್ಟಿಕೊಳ್ಳುವ ಬಿಟಿ ಹತ್ತಿಯಲ್ಲಿ ಕಾಯಿಗಳೇ ಆಹಾರವನ್ನು ಸೆಳೆದುಕೊಂಡು ಬೇರು ಸೊರಗುತ್ತದೆ. ಪೊಟ್ಯಾಷ್ ಅಥವಾ ಮೆಗ್ನೀಷಿಯಂ ಕೊರತೆಯೂ ಸೇರಿದರೆ ಎಲೆ ಬೇಗನೆ ಕೆಂಪಾಗುತ್ತದೆ. ಇದಕ್ಕೆ ನಾನು ಲೀಟರಿಗೆ 10 ಗ್ರಾಂ ಮೆಗ್ನೀಷಿಯಂ ಸಲ್ಫೇಟ್ ಸಿಂಪಡಿಸಿದೆ; ಆಗಲೇ ಕೆಂಪಾಗಿದ್ದ ಎಲೆ ಹಾಗೆಯೇ ಇತ್ತು, ಹೊಸ ಎಲೆ ಮಾತ್ರ ಹಸಿರಾಗಿ ಬಂತು.

ನಮ್ಮ ತಮ್ಮ ಹಠ ಹಿಡಿದು ನಾಲ್ಕು ಸಾಲುಗಳಲ್ಲಿ, ಸಂಕರ ತಳಿಗೆ ಹೇಳುವಂತೆ 20ನೆಯ ಗೆಣ್ಣಿನ ಮೇಲೆ, ಸುಮಾರು 90 ದಿನಕ್ಕೆ, ಕುಡಿಯನ್ನು ಕೈಯಿಂದಲೇ ಚಿವುಟಿದ್ದ. ತುದಿಮೊಗ್ಗು, ಪಕ್ಕದ ಮೊಗ್ಗುಗಳನ್ನು ತಡೆಹಿಡಿಯುವ ಆಕ್ಸಿನ್ ಹಾರ್ಮೋನಿನ ಮೂಲವಾದ್ದರಿಂದ ಅದು ಹೋದ ಕೂಡಲೇ ಗಿಡದ ಹಾರ್ಮೋನುಗಳ ಹಿಡಿತ ಬದಲಾಗುತ್ತದೆ, ಪಕ್ಕದ ಮೊಗ್ಗುಗಳಿಗೆ ಸೈಟೊಕೈನಿನ್ ಹೆಚ್ಚು ದಕ್ಕುತ್ತದೆ. ಮಣ್ಣಿನಲ್ಲಿ ತೇವವಿದ್ದ ಎರಡು ಸಾಲುಗಳಲ್ಲಿ ಮೇಲಿನ ಎಲೆಗಳು ಎರಡನೆಯ ಸಲ ಹತ್ತಿ ಬಿಡಿಸುವವರೆಗೂ ಹಸಿರಾಗಿದ್ದವು. ಏರಿಯ ಮೇಲಿನ ಒಣ ಸಾಲುಗಳಲ್ಲಿ ಚಿವುಟಿದ್ದರಿಂದ ಯಾವ ವ್ಯತ್ಯಾಸವೂ ಕಾಣಲಿಲ್ಲ. ಬೇರು ಬದುಕಿದ್ದರೆ ಮಾತ್ರ ಚಿವುಟಿದ್ದು ಫಲ ಕೊಡುತ್ತದೆಂದು ನನಗೆ ಅನ್ನಿಸಿದ್ದು ಇದರಿಂದ.

ಬಾಟಲಿಗೆ ಐದಕ್ಕೆ ಮೂರು ಅಂಕ ಕೊಡುತ್ತೇನೆ. ಜೊತೆಗಿದ್ದ ಕನ್ನಡ ಚೀಟಿಯ ಅಕ್ಷರಗಳು ಭೂತಗನ್ನಡಿ ಬೇಕೆನ್ನುವಷ್ಟು ಚಿಕ್ಕವು, ಮತ್ತು ನೀರಿಲ್ಲದೆ ಬಾಡಿದ ಗಿಡಕ್ಕೆ ಸಿಂಪಡಿಸಬಾರದೆಂಬ ಮುಖ್ಯ ಮಾತು ಅಂಗಡಿಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಮುಂದಿನ ಹಂಗಾಮಿಗೆ ಇದನ್ನು ಹಳ್ಳದ ಬದಿಯ ಫಲವತ್ತಾದ, ಗಿಡ ಅತಿಯಾಗಿ ಬೆಳೆಯುವ ಅರ್ಧ ಎಕರೆಗೆ ಮಾತ್ರ ಕೊಳ್ಳುತ್ತೇನೆ; ಉಳಿದ ಕಡೆ ಮಳೆ ಬಿದ್ದ ಮರುದಿನ ಕುಡಿ ಚಿವುಟಿಸುತ್ತೇನೆ.